ಬಸ್ಸಿನ ಸೀಟು ತುಂಬಿದರೆ ಗುಡ್ಡ ಉಳಿದೀತು

ಮಳೆಗಾಲ ಬಂತೆಂದರೆ ಘಟ್ಟದ ರಸ್ತೆಗಳು ಪತ್ರಿಕೆಗಳ ಮುಖಪುಟಕ್ಕೆ ಬರುತ್ತವೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜರಿದ ದಿನಗಳಲ್ಲೇ ಶಿರಾಡಿ ಘಟ್ಟದ ಸಂಚಾರವೂ ನಿಂತಿತು. ಮರುವರ್ಷ ಚಾರ್ಮಾಡಿಯ ಸರದಿ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮಗ್ಗುಲ ಗುಡ್ಡ ಕುಸಿದು, ರಸ್ತೆಬದಿಯಲ್ಲಿದ್ದವರನ್ನೂ ವಾಹನಗಳನ್ನೂ ಗಂಗಾವಳಿ ನದಿಗೆ ತಳ್ಳಿತು. ಅದೇ ತಿಂಗಳು ಸಕಲೇಶಪುರದ ಬಳಿ ಅಗಲೀಕರಣ ನಡೆಯುತ್ತಿದ್ದ ಹೆದ್ದಾರಿಯ ಮೇಲೂ ಮಣ್ಣು ಮತ್ತೆ ಮತ್ತೆ ಜಾರಿತು.

ಪ್ರತಿ ಸಲವೂ ಚರ್ಚೆ ಒಂದೇ ಜಾಡಿನಲ್ಲಿ ಸಾಗುತ್ತದೆ. ಎಷ್ಟು ಮಳೆ ಸುರಿಯಿತು, ಧರೆಯನ್ನು ಎಷ್ಟು ಲಂಬವಾಗಿ ಕಡಿದರು, ತಡೆಗೋಡೆ ಯಾಕೆ ಕಟ್ಟಲಿಲ್ಲ, ಗುತ್ತಿಗೆದಾರನ ಹೊಣೆ ಏನು ಎಂಬ ಪ್ರಶ್ನೆಗಳು ಏಳುತ್ತವೆ. ಇವೆಲ್ಲ ಕೇಳಲೇಬೇಕಾದ ಪ್ರಶ್ನೆಗಳೇ. ಆದರೆ ಇವುಗಳಿಗಿಂತ ಹಿಂದಿನ ಇನ್ನೊಂದು ಪ್ರಶ್ನೆ ಸಾಮಾನ್ಯವಾಗಿ ಯಾರ ಬಾಯಿಗೂ ಬರುವುದಿಲ್ಲ: ಗುಡ್ಡವನ್ನು ಅಷ್ಟು ಅಗಲಕ್ಕೆ ಕಡಿಯುವ ಅಗತ್ಯ ಬಂದುದಾದರೂ ಹೇಗೆ? ‘ವಾಹನಗಳು ಹೆಚ್ಚಾದವು, ರಸ್ತೆ ಸಾಲದಾಯಿತು’ ಎಂಬುದು ಸಿದ್ಧ ಉತ್ತರ. ವಾಹನಗಳು ಯಾಕೆ ಹೆಚ್ಚಾದವು ಎಂದು ಅದರ ಬೆನ್ನು ಹಿಡಿದು ಹೋದರೆ, ಮಲೆನಾಡಿನ ಹಲವು ಊರುಗಳಲ್ಲಿ ಆ ದಾರಿ ನಿಂತುಹೋದ ಒಂದು ಬಸ್ಸಿನ ಬಳಿಗೆ ಕರೆದೊಯ್ಯುತ್ತದೆ.

ಸಾರ್ವಜನಿಕ ಸಾರಿಗೆಯ ಪರಿಸರ ಪ್ರಯೋಜನವೆಂದರೆ ನಗರದ ಹೊಗೆ ಕಡಿಮೆಯಾಗುವುದು ಎಂಬ ತಿಳಿವಳಿಕೆ ವ್ಯಾಪಕವಾಗಿದೆ. ಬೆಂಗಳೂರಿನ ಮಟ್ಟಿಗೆ ಅದು ನಿಜವೂ ಹೌದು. ಗುಡ್ಡಗಾಡಿನಲ್ಲಿ ಮಾತ್ರ ಈ ಪ್ರಯೋಜನದ ಸ್ವರೂಪ ಬೇರೆ. ಇಲ್ಲಿ ಬಸ್ಸು ಉಳಿಸುವುದು ಗಾಳಿಯನ್ನಷ್ಟೇ ಅಲ್ಲ. ಮಣ್ಣನ್ನು, ಹಳ್ಳವನ್ನು, ರಸ್ತೆಯ ಮೇಲೆ ಕೈಚಾಚಿ ಕೂಡಿಕೊಂಡ ಮರಗಳ ನೆತ್ತಿಯನ್ನು. ಆದ್ದರಿಂದ ಮಲೆನಾಡಿನಲ್ಲಿ ಬಸ್ಸಿನ ಪ್ರಶ್ನೆಯು ಪ್ರಯಾಣಿಕರ ಅನುಕೂಲದ ಪ್ರಶ್ನೆಯಾಗಿ ಮಾತ್ರ ಉಳಿಯಲಾರದು. ಅದು ಪಶ್ಚಿಮ ಘಟ್ಟದ ಉಳಿವಿನ ಪ್ರಶ್ನೆಯೂ ಆಗಿದೆ.

ಇಂಧನದ ಲೆಕ್ಕ

ಮೊದಲು ಹೊಗೆಯ ಲೆಕ್ಕವನ್ನೇ ನೋಡಬಹುದು. ಒಂದು ಲೀಟರ್ ಡೀಸೆಲ್ ಉರಿದಾಗ ಸುಮಾರು 2.7 ಕಿಲೋಗ್ರಾಂ, ಒಂದು ಲೀಟರ್ ಪೆಟ್ರೋಲ್ ಉರಿದಾಗ ಸುಮಾರು 2.3 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ವಾತಾವರಣ ಸೇರುತ್ತದೆ. ಲೀಟರಿನ ತೂಕಕ್ಕಿಂತ ಹೊಗೆಯ ತೂಕ ಹೆಚ್ಚಾಗುವುದು ಹೇಗೆಂದು ಅಚ್ಚರಿಪಡಬೇಕಿಲ್ಲ. ಇಂಧನದಲ್ಲಿರುವ ಇಂಗಾಲವು ಗಾಳಿಯ ಆಮ್ಲಜನಕದೊಂದಿಗೆ ಕೂಡಿಕೊಳ್ಳುವುದರಿಂದ ಹಾಗಾಗುತ್ತದೆ.

ಏರಿಳಿತದ ದಾರಿಯಲ್ಲಿ ಸಾಧಾರಣ ಬಸ್ಸೊಂದು ಲೀಟರಿಗೆ ನಾಲ್ಕೂವರೆ ಕಿಲೋಮೀಟರ್ ಓಡುತ್ತದೆಂದು ಹಿಡಿದರೆ, ಅದು ಪ್ರತಿ ಕಿಲೋಮೀಟರಿಗೆ ಉಗುಳುವುದು ಸುಮಾರು 600 ಗ್ರಾಂ. ಅದೇ ದಾರಿಯಲ್ಲಿ ಲೀಟರಿಗೆ 12 ಕಿಲೋಮೀಟರ್ ಓಡುವ ಪೆಟ್ರೋಲ್ ಕಾರು ಸುಮಾರು 190 ಗ್ರಾಂ, 45 ಕಿಲೋಮೀಟರ್ ಓಡುವ ಬೈಕು ಸುಮಾರು 50 ಗ್ರಾಂ ಉಗುಳುತ್ತದೆ. ಇಷ್ಟನ್ನೇ ನೋಡಿದರೆ ಬಸ್ಸೇ ದೊಡ್ಡ ಅಪರಾಧಿ. ಆದರೆ ರಸ್ತೆಯ ಮೇಲೆ ಸಾಗಬೇಕಾದುದು ವಾಹನವಲ್ಲ, ಮನುಷ್ಯ. ಆದುದರಿಂದ ಲೆಕ್ಕವನ್ನು ತಲೆಗೆ ಹಂಚಬೇಕು. ಬಸ್ಸಿನಲ್ಲಿ 40 ಜನರಿದ್ದರೆ ಒಬ್ಬರ ಪಾಲು 15 ಗ್ರಾಂ. ಕಾರಿನಲ್ಲಿ ಇಬ್ಬರಿದ್ದರೆ ಒಬ್ಬರ ಪಾಲು 95 ಗ್ರಾಂ. ಒಬ್ಬರೇ ಇದ್ದರೆ ಪೂರ್ತಿ 190 ಗ್ರಾಂ. ಬೈಕಿನಲ್ಲಿ ಒಬ್ಬರೇ ಹೋದರೆ 50, ಇಬ್ಬರಾದರೆ 25 ಗ್ರಾಂ.

ಈ ಲೆಕ್ಕವನ್ನು ಅರ್ಧ ಹೇಳಿ ಬಿಡುವುದು ಪ್ರಾಮಾಣಿಕತೆಯಲ್ಲ. ಆರು ಜನರನ್ನು ಹೊತ್ತು ಓಡುವ ಬಸ್ಸಿನಲ್ಲಿ ತಲೆಗೆ 100 ಗ್ರಾಂ ಬೀಳುತ್ತದೆ. ಆಗ ಇಬ್ಬರು ಕುಳಿತ ಕಾರಿಗೂ ಅದಕ್ಕೂ ವ್ಯತ್ಯಾಸವೇ ಉಳಿಯುವುದಿಲ್ಲ. ಒಂಟಿ ಬೈಕು ಸವಾರನಿಗಿಂತ ಬಸ್ಸು ಮೇಲೆನಿಸಬೇಕಾದರೆ ಅದರಲ್ಲಿ ಕನಿಷ್ಠ 12 ಜನರಿರಬೇಕು. ಇಬ್ಬರು ಕುಳಿತ ಬೈಕನ್ನು ಮೀರಿಸಲು 24 ಜನ ಬೇಕು. ಅಂದರೆ ಬಸ್ಸು ತಾನಾಗಿಯೇ ಪರಿಸರಸ್ನೇಹಿಯಲ್ಲ. ತುಂಬಿದ ಬಸ್ಸು ಪರಿಸರಸ್ನೇಹಿ. ಸರ್ಕಾರ ಬಸ್ಸು ಬಿಟ್ಟರೆ ಸಾಲದು, ಜನ ಹತ್ತುವ ಹೊತ್ತಿಗೆ ಹತ್ತುವ ಜಾಗಕ್ಕೆ ಅದು ಬರಬೇಕು ಎಂಬುದು ಈ ಲೆಕ್ಕದಿಂದಲೇ ಹೊರಡುವ ಮಾತು.

‘ಬಸ್ಸು ಕಪ್ಪು ಹೊಗೆ ಬಿಡುತ್ತದಲ್ಲ’ ಎಂಬ ಆಕ್ಷೇಪವೂ ಇದೆ. ಹಳೆಯ ಬಸ್ಸುಗಳ ವಿಷಯದಲ್ಲಿ ಅದು ಸುಳ್ಳಲ್ಲ. ಆದರೆ 2020ರ ಏಪ್ರಿಲ್‌ನಿಂದ ದೇಶದಲ್ಲಿ ಭಾರತ್ ಹಂತ-6ರ ಮಾನದಂಡ ಜಾರಿಯಾಗಿ, ಡೀಸೆಲ್‌ನಲ್ಲಿರುವ ಗಂಧಕದ ಮಿತಿ ಹತ್ತು ಲಕ್ಷಕ್ಕೆ 50 ಭಾಗದಿಂದ 10ಕ್ಕೆ ಇಳಿದಿದೆ. ಹೊಸ ಬಸ್ಸುಗಳಿಗೆ ಮಸಿ ಹಿಡಿಯುವ ಸೋಸುಕಗಳು ಬಂದಿವೆ. ಹಳೆಯ ಬಸ್ಸನ್ನು ಹೊಸದಕ್ಕೆ ಬದಲಿಸಿದರೆ ತೀರುವ ದೋಷವನ್ನು, ಬಸ್ಸನ್ನೇ ನಿಲ್ಲಿಸಲು ಕಾರಣವಾಗಿ ಹೂಡುವುದು ನ್ಯಾಯವಲ್ಲ.

ಅಗಲವಾಗುವ ರಸ್ತೆ, ಜರಿಯುವ ಧರೆ

ಹೊಗೆಗಿಂತ ದೊಡ್ಡ ವಿಷಯ ಜಾಗದ್ದು. ಐವತ್ತು ಜನ ಒಂದು ಬಸ್ಸಿನಲ್ಲಿ ಹೋದರೆ ರಸ್ತೆಯ ಮೇಲೆ ಅದು ಹಿಡಿಯುವ ಉದ್ದ 12 ಮೀಟರಿಗಿಂತ ಹೆಚ್ಚಲ್ಲ. ಅವರೇ ಇಬ್ಬಿಬ್ಬರಾಗಿ ಕಾರಿನಲ್ಲಿ ಹೊರಟರೆ 25 ಕಾರುಗಳು. ನಡುವಿನ ಅಂತರ ಸೇರಿ ಕಾರೊಂದಕ್ಕೆ 10 ಮೀಟರ್ ಎಂದರೂ ಕಾಲು ಕಿಲೋಮೀಟರ್ ಉದ್ದದ ಸಾಲು. ಘಟ್ಟದ ತಿರುವಿನಲ್ಲಿ ಎದುರಿನಿಂದ ಇನ್ನೊಂದು ಅಂತಹುದೇ ಸಾಲು ಬಂದರೆ ಗಂಟೆಗಟ್ಟಲೆ ಸಂಚಾರ ಕಟ್ಟಿಕೊಳ್ಳುತ್ತದೆ. ಮರುದಿನ ಪತ್ರಿಕೆಯಲ್ಲಿ ‘ಕಿರಿದಾದ ರಸ್ತೆ, ಪ್ರಯಾಣಿಕರ ಪರದಾಟ’ ಎಂದು ಸುದ್ದಿ. ಅದರ ಹಿಂದೆಯೇ ಅಗಲೀಕರಣದ ಬೇಡಿಕೆ, ಅದರ ಹಿಂದೆ ಜೆಸಿಬಿ.

ಇಳಿಜಾರಿನಲ್ಲಿ ರಸ್ತೆ ಅಗಲಿಸುವುದು ಬಯಲಿನಲ್ಲಿ ಅಗಲಿಸಿದಂತಲ್ಲ. ಬಯಲಿನಲ್ಲಿ ಅಗಲ ಇಮ್ಮಡಿಯಾದರೆ ಕೆಲಸವೂ ಇಮ್ಮಡಿಯಾಗುತ್ತದೆ. ಗುಡ್ಡದಲ್ಲಿ ಒಳಗೆ ಒಂದೊಂದು ಮೀಟರ್ ಹೋದಂತೆ ಕಡಿಯಬೇಕಾದ ಧರೆಯ ಎತ್ತರವೂ ಏರುತ್ತಾ ಹೋಗುತ್ತದೆ. ಆದ್ದರಿಂದ ಅಗಲ ಇಮ್ಮಡಿಯಾದರೆ ತೆಗೆಯಬೇಕಾದ ಮಣ್ಣು ನಾಲ್ಮಡಿಯಾಗುತ್ತದೆ. ಮೂವತ್ತು ಡಿಗ್ರಿ ಇಳಿಜಾರಿನ ಗುಡ್ಡದಲ್ಲಿ ಧರೆಯನ್ನು ನೇರ ಕಡಿದು 4 ಮೀಟರ್ ಅಗಲದ ರಸ್ತೆ ಮಾಡಲು ಕಿಲೋಮೀಟರಿಗೆ ಸುಮಾರು 4,600 ಘನ ಮೀಟರ್ ಮಣ್ಣು ತೆಗೆಯಬೇಕು. ಅದನ್ನೇ 8 ಮೀಟರ್ ಮಾಡಹೊರಟರೆ ಒಟ್ಟು ಸುಮಾರು 18,500 ಘನ ಮೀಟರ್. ಹೆಚ್ಚುವರಿ ಮಣ್ಣೇ ಹದಿನಾಲ್ಕು ಸಾವಿರ ಘನ ಮೀಟರಿನಷ್ಟು. ಟಿಪ್ಪರೊಂದಕ್ಕೆ 7 ಘನ ಮೀಟರಿನಂತೆ ಎರಡು ಸಾವಿರ ಟಿಪ್ಪರ್ ಲೋಡು. ಇದು ಒಂದೇ ಒಂದು ಕಿಲೋಮೀಟರಿನ ಲೆಕ್ಕ. ಧರೆಯ ಎತ್ತರವೂ ಎರಡೂಕಾಲು ಮೀಟರಿನಿಂದ ನಾಲ್ಕೂವರೆ ಮೀಟರ್ ದಾಟುತ್ತದೆ. ಧರೆ ಎತ್ತರವಾದಷ್ಟೂ ಅದರ ಮೇಲಿನ ಮಣ್ಣಿಗೆ ಬುಡದ ಆಸರೆ ತಪ್ಪುತ್ತದೆ.

ಇನ್ನು ಆ ಮಣ್ಣಿನ ಗುಣ. ಮಲೆನಾಡಿನ ಮತ್ತು ಕರಾವಳಿಯ ಗುಡ್ಡಗಳಲ್ಲಿ ಅನೇಕ ಕಡೆ ಮೇಲ್ಪದರದಲ್ಲಿ ಗಟ್ಟಿ ಜಂಬಿಟ್ಟಿಗೆ ಇರುತ್ತದೆ. ಅದರ ಕೆಳಗಿರುವುದು ಬಿಳಿ, ಗುಲಾಬಿ, ಹಳದಿ ಛಾಯೆಗಳ ನುಣುಪಾದ ಶೇಡಿ ಮಣ್ಣು. ಒಣಗಿದಾಗ ಕಲ್ಲಿನಂತೆ ನಿಲ್ಲುವ ಈ ಮಣ್ಣು ನೀರು ಕುಡಿದಾಗ ಬಲ ಕಳೆದುಕೊಂಡು ಜಾರುತ್ತದೆ. ಮೇಲಿನ ಜಂಬಿಟ್ಟಿಗೆಯ ಟೋಪಿ ಮತ್ತು ಬುಡದ ಮಣ್ಣು ಇರುವವರೆಗೆ ಶೇಡಿಗೆ ಅಪಾಯವಿಲ್ಲ. ರಸ್ತೆಗಾಗಿ ಬುಡ ಕಡಿದು ಶೇಡಿಯ ಪದರವನ್ನು ಬಯಲಿಗೆ ತೆರೆದ ದಿನವೇ ಕುಸಿತಕ್ಕೆ ಮುಹೂರ್ತ ಇಟ್ಟಂತೆ. ಬೇಸಿಗೆಯಲ್ಲಿ ಕಡಿದ ಧರೆ ಬೇಸಿಗೆಯುದ್ದಕ್ಕೂ ಗಟ್ಟಿಯಾಗಿಯೇ ಕಾಣುತ್ತದೆ. ಅದರ ನಿಜಬಣ್ಣ ತಿಳಿಯುವುದು ಆಷಾಢದಲ್ಲಿ. ಆಗುಂಬೆಯಂತಹ ಕಡೆ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗಿಂತ ಹೆಚ್ಚು ಮಳೆ ಸುರಿಯುತ್ತದೆ. ಅದರ ಬಹುಪಾಲು ನಾಲ್ಕು ತಿಂಗಳೊಳಗೆ. ಹಾಗೆ ಕಡಿದ ಮಣ್ಣು ಎಲ್ಲಿಗೆ ಹೋಗುತ್ತದೆ? ರಸ್ತೆಯ ಕೆಳಮಗ್ಗುಲಿಗೆ ಸುರಿದದ್ದು ಮೊದಲ ಮಳೆಗೇ ಹಳ್ಳಕ್ಕಿಳಿಯುತ್ತದೆ. ಹಳ್ಳದಿಂದ ಕಣಿವೆಯ ಅಡಿಕೆ ತೋಟಕ್ಕೆ, ಗದ್ದೆಯ ಅಗಳಿಗೆ. ತಲೆಮಾರುಗಳಿಂದ ಸೊಪ್ಪು-ಗೊಬ್ಬರ ಹಾಕಿ ಹದಮಾಡಿದ ಗದ್ದೆಯ ಮೇಲೆ ಒಂದು ಮೊಳ ಶೇಡಿ ಕುಳಿತರೆ ಅಲ್ಲಿ ಬೆಳೆ ಮತ್ತೆ ಮೊದಲಿನ ಸ್ಥಿತಿಗೆ ಬರಲು ವರ್ಷಗಳೇ ಬೇಕು. ಆ ಮಣ್ಣಿನಲ್ಲಿ ಸಾವಯವ ಅಂಶವೂ ಇಲ್ಲ, ಪೋಷಕಾಂಶವೂ ಇಲ್ಲ, ಬೇರಿಗೆ ಉಸಿರಾಡಲು ಗಾಳಿಯೂ ಇಲ್ಲ. ರಸ್ತೆ ಅಗಲೀಕರಣದ ವೆಚ್ಚಪಟ್ಟಿಯಲ್ಲಿ ಕೆಳಗಿನ ರೈತನ ಈ ನಷ್ಟಕ್ಕೆ ಕಲಮೇ ಇರುವುದಿಲ್ಲ.

ಹೆದ್ದಾರಿಗಳ ಮೇಲೆ ಸರಕು ಲಾರಿಗಳ ಒತ್ತಡ ದೊಡ್ಡದೆಂಬುದನ್ನು ಒಪ್ಪಲೇಬೇಕು. ಬಸ್ಸು ಆ ಹೊರೆಯನ್ನು ಇಳಿಸಲಾರದು. ಅದಕ್ಕೆ ಇರುವ ರೈಲು ಹಳಿಗಳನ್ನೇ ಹೆಚ್ಚು ಬಳಸಿಕೊಳ್ಳಬೇಕು. ಕೊಂಕಣ ರೈಲ್ವೆಯು 1999ರಲ್ಲಿಯೇ ತುಂಬಿದ ಲಾರಿಗಳನ್ನು ರೈಲಿನ ಮೇಲೇರಿಸಿ ಸಾಗಿಸುವ ಸೇವೆ ಆರಂಭಿಸಿ, ಅದು ಸಾಧ್ಯವೆಂದು ತೋರಿಸಿಕೊಟ್ಟಿದೆ. ಹಾಸನ–ಮಂಗಳೂರು ಮಾರ್ಗವು ಬ್ರಾಡ್‌ಗೇಜ್ ಆಗಿ ಮೊದಲು ಸರಕು ರೈಲುಗಳಿಗೆ, 2007ರ ಡಿಸೆಂಬರ್‌ನಿಂದ ಪ್ರಯಾಣಿಕರಿಗೂ ಮತ್ತೆ ತೆರೆದುಕೊಂಡಿತು. ಹೀಗಿದ್ದರೂ ‘ಸಾರ್ವಜನಿಕ ಸಾರಿಗೆ’ ಎಂಬ ಹೆಸರು ಕಂಡಲ್ಲೆಲ್ಲ ಒಪ್ಪಿಗೆಯ ಮುದ್ರೆ ಒತ್ತಲಾಗದು. ಕಾಲು ಶತಮಾನದಿಂದ ವಿವಾದದಲ್ಲಿರುವ ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗವು ಉತ್ತರ ಕನ್ನಡದ ದಟ್ಟ ಕಾಡನ್ನು ಸೀಳಿ ಹೋಗಬೇಕಾಗುತ್ತದೆ. ಇರುವ ರಸ್ತೆಯಲ್ಲಿ ಓಡುವ ಬಸ್ಸಿಗೆ ಅಂತಹ ಬಲಿ ಬೇಕಿಲ್ಲ ಎಂಬುದೇ ಅದರ ಹೆಚ್ಚುಗಾರಿಕೆ. ತಾಲ್ಲೂಕು ಕೇಂದ್ರಗಳನ್ನು ಹಳ್ಳಿಗಳಿಗೆ, ಯಾತ್ರಾಸ್ಥಳಗಳಿಗೆ, ಗಿರಿಧಾಮಗಳಿಗೆ ಜೋಡಿಸುವ ರಸ್ತೆಗಳಲ್ಲಿ ದಟ್ಟಣೆ ಹುಟ್ಟುವುದು ಬಹುಮಟ್ಟಿಗೆ ಜನರ ಓಡಾಟದಿಂದ. ಅಲ್ಲಿ ಬಸ್ಸಿನ ಪಾತ್ರ ನಿರ್ಣಾಯಕ.

ಕಾಡಿನ ದಾರಿ

ಕಾಡಿನ ಜೀವಿಗಳಿಗೆ ಬಸ್ಸು ಒಂದು ಸಲದ ತೊಂದರೆ. ಇಪ್ಪತ್ತೈದು ಕಾರು ಇಪ್ಪತ್ತೈದು ಸಲದ ತೊಂದರೆ. ಮುಂಗಾರಿನ ಮೊದಲ ರಾತ್ರಿಗಳಲ್ಲಿ ಮೊಟ್ಟೆಯಿಡಲು ರಸ್ತೆ ದಾಟುವ ಕಪ್ಪೆಗಳು ಒಂದು ವಾಹನ ಹೋದ ಮೇಲೆ ಸಿಗುವ ಬಿಡುವಿನಲ್ಲಿ ದಾಟಿಕೊಳ್ಳಬಲ್ಲವು. ಬಿಡುವೇ ಇಲ್ಲದ ವಾಹನಗಳ ಸಾಲು ಅವುಗಳ ಪಾಲಿಗೆ ಗೋಡೆ. ಸಿಂಗಳೀಕದ ಕಥೆ ಇನ್ನೂ ಸೂಕ್ಷ್ಮವಾದದ್ದು. ಮರದ ಮೇಲೆಯೇ ಬದುಕುವ ಈ ಕೋತಿ ನೆಲಕ್ಕಿಳಿಯುವುದು ಅಪರೂಪ. ರಸ್ತೆಯ ಎರಡೂ ಬದಿಯ ಮರಗಳ ಕೊಂಬೆಗಳು ಮೇಲೆ ಕೂಡಿಕೊಂಡಿದ್ದರೆ ಅದಕ್ಕೆ ರಸ್ತೆ ಇದ್ದರೂ ಇಲ್ಲದಂತೆಯೇ. ರಸ್ತೆ ಅಗಲವಾಗಿ ಆ ನೆತ್ತಿ ಬಿರಿದರೆ ಒಂದು ಕಾಡು ಎರಡಾಗುತ್ತದೆ, ಒಂದು ಹಿಂಡು ಎರಡಾಗುತ್ತದೆ. ಹತ್ತು ಸಾವಿರ ಸಸಿ ನೆಟ್ಟು ಅದನ್ನು ಸರಿದೂಗಿಸುವೆವೆಂದರೆ ಆ ಸಸಿಗಳು ನೆತ್ತಿ ಕೂಡಿಸುವ ಹೊತ್ತಿಗೆ ಸಿಂಗಳೀಕದ ಎಷ್ಟು ತಲೆಮಾರು ಕಳೆದಿರಬೇಕು?

ಬಂಡೀಪುರದ ಅನುಭವ ಇಲ್ಲಿ ನೆನಪಿಸಿಕೊಳ್ಳತಕ್ಕದ್ದು. ಆ ಹುಲಿ ಮೀಸಲು ಪ್ರದೇಶದ ಮೂಲಕ ಕೇರಳ ಮತ್ತು ತಮಿಳುನಾಡಿಗೆ ಹೋಗುವ ಹೆದ್ದಾರಿಗಳಲ್ಲಿ 2009ರಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನ ಸಂಚಾರ ನಿಷೇಧಿಸಲಾಯಿತು. 2010ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆ ನಿಷೇಧದ ನಡುವೆಯೂ ಆಂಬುಲೆನ್ಸ್‌ಗಳಿಗೆ, ಜೊತೆಗೆ ಎರಡೂ ಕಡೆಯ ಸಾರಿಗೆ ಸಂಸ್ಥೆಗಳ ಬೆರಳೆಣಿಕೆಯ ಬಸ್ಸುಗಳಿಗೆ ದಾರಿ ಬಿಡಲಾಗಿದೆ. ಆ ವಿನಾಯಿತಿಯ ಹಿಂದಿನ ತತ್ತ್ವ ಗಮನಾರ್ಹ. ಕಾಡು ತಾಳಿಕೊಳ್ಳಬಲ್ಲುದು ಇಷ್ಟೇ ಎಂದಾದಾಗ, ಆ ಇಷ್ಟರಲ್ಲಿ ಅತಿ ಹೆಚ್ಚು ಜನರನ್ನು ದಾಟಿಸಬಲ್ಲ ವಾಹನಕ್ಕೆ ಮೊದಲ ಹಕ್ಕು. ಅದೇ ಸೀಮೆಯ ಹಿಮವದ್ ಗೋಪಾಲಸ್ವಾಮಿ ಬೆಟ್ಟದಲ್ಲಿ ಭಕ್ತರ ಸ್ವಂತ ವಾಹನಗಳನ್ನು ತಪ್ಪಲಿನಲ್ಲೇ ನಿಲ್ಲಿಸಿ, ಬಸ್ಸಿನಲ್ಲಿ ಮೇಲಕ್ಕೆ ಕರೆದೊಯ್ಯುವ ವ್ಯವಸ್ಥೆ ನಡೆದುಬಂದಿದೆ. ಅದರಿಂದ ದೇವರ ದರ್ಶನಕ್ಕೇನೂ ಕೊರತೆಯಾಗಿಲ್ಲ. ಆನೆಗಳ ದಾರಿಗೂ ಅಷ್ಟರಮಟ್ಟಿಗೆ ಬಿಡುವು ಸಿಕ್ಕಿದೆ.

ಮದರಾಸು ಹೈಕೋರ್ಟಿನ ಆದೇಶದಂತೆ 2024ರ ಮೇ ತಿಂಗಳಿನಿಂದ ಊಟಿ ಮತ್ತು ಕೊಡೈಕೆನಾಲ್‌ಗೆ ಹೋಗುವ ವಾಹನಗಳು ಇ-ಪಾಸ್ ಪಡೆಯಬೇಕಾಯಿತು. ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ ಭಾಗಕ್ಕೂ 2025ರಲ್ಲಿ ಮುಂಗಡ ನೋಂದಣಿಯ ಮೂಲಕ ವಾಹನಗಳ ಸಂಖ್ಯೆಗೆ ಮಿತಿ ಬಂತು. ವಾಹನಗಳನ್ನು ಎಣಿಸುವ ಈ ಕ್ರಮ ಸ್ವಾಗತಾರ್ಹ, ಆದರೆ ಅದು ಅರ್ಧ ಕೆಲಸ. ಎಣಿಕೆಯಿಂದ ಹೊರಗುಳಿದ ಸಾಮಾನ್ಯ ಪ್ರವಾಸಿಗೆ ಬಸ್ಸಿನ ಸೀಟು ಸಿಗದಿದ್ದರೆ, ಬೆಟ್ಟವು ಮೊದಲು ನೋಂದಾಯಿಸಿದ ಕಾರಿನವರ ಸ್ವತ್ತಾಗುತ್ತದೆ. ತಪ್ಪಲಿನಿಂದ ಮೇಲಕ್ಕೆ ಬಸ್ಸು, ತಪ್ಪಲಿನವರೆಗೆ ಊರಿನಿಂದ ಬಸ್ಸು, ಈ ಎರಡೂ ಕೂಡಿದಾಗಲೇ ಮಿತಿಗೆ ನ್ಯಾಯದ ಮುಖ ಬರುತ್ತದೆ.

ಕೊಪ್ಪದ ಪಾಠ

ಮಲೆನಾಡಿಗೆ ಬಸ್ಸಿನ ಸಂಸ್ಕೃತಿ ಹೊಸದಲ್ಲ. ಇಲ್ಲಿ ಬಸ್ಸು ಜನರನ್ನಷ್ಟೇ ಹೊತ್ತದ್ದಲ್ಲ. ಪತ್ರಿಕೆಯ ಕಟ್ಟು, ಅಂಚೆಯ ಚೀಲ, ಟಾಪಿನ ಮೇಲೆ ಅಡಿಕೆ ಮೂಟೆ, ಡ್ರೈವರನ ಪಕ್ಕದಲ್ಲಿ ಔಷಧಿಯ ಪೊಟ್ಟಣ ಎಲ್ಲವೂ ಅದರಲ್ಲೇ ಸಾಗಿದವು. ರಾತ್ರಿ ಊರಿನಲ್ಲೇ ತಂಗಿ ಬೆಳಿಗ್ಗೆ ಹೊರಡುವ ಹಾಲ್ಟಿಂಗ್ ಬಸ್ಸಿನ ಸದ್ದಿಗೆ ಗಡಿಯಾರ ಸರಿಮಾಡಿಕೊಂಡ ಮನೆಗಳು ಎಷ್ಟೋ.

ಈ ಸಂಸ್ಕೃತಿಯ ಅತ್ಯುತ್ತಮ ಫಲ ಕೊಪ್ಪದ ಸಹಕಾರ ಸಾರಿಗೆ. ಖಾಸಗಿ ಬಸ್ ಕಂಪನಿಯೊಂದರ ಕಾರ್ಮಿಕರು ಕೆಲಸ ಕಳೆದುಕೊಳ್ಳುವ ಸ್ಥಿತಿ ಬಂದಾಗ, 1991ರಲ್ಲಿ ತಾವೇ ಸಹಕಾರ ಸಂಘ ಕಟ್ಟಿ, ಬೆರಳೆಣಿಕೆಯ ಬಸ್ಸುಗಳಿಂದ ಆರಂಭಿಸಿದರು. ಡ್ರೈವರ್, ಕಂಡಕ್ಟರ್, ಮೆಕ್ಯಾನಿಕ್ ಎಲ್ಲರೂ ಒಡೆಯರು. ಕಾಲಕ್ರಮದಲ್ಲಿ ಅದು ಎಪ್ಪತ್ತರ ಆಸುಪಾಸಿನ ಬಸ್ಸುಗಳ ಸಂಸ್ಥೆಯಾಗಿ ಬೆಳೆಯಿತು. ಲಾಭದ ದಾರಿಗಳಲ್ಲಷ್ಟೇ ಅಲ್ಲದೆ, ಲಾಭವಿಲ್ಲದ ಕಾಡಂಚಿನ ಊರುಗಳಿಗೂ ಓಡಿತು. ವಿದ್ಯಾರ್ಥಿಗಳಿಗೆ ರಿಯಾಯಿತಿ ಪಾಸು ನೀಡಿತು. ದೇಶದ ಬೇರೆ ಕಡೆಗಳಿಂದಲೂ ಅಧ್ಯಯನಕ್ಕೆಂದು ಜನ ಬಂದುಹೋದ ಸಂಸ್ಥೆಯದು. 2020ರ ಫೆಬ್ರುವರಿಯಲ್ಲಿ ಅದು ಸ್ಥಗಿತಗೊಂಡಿತು. ಏರುತ್ತಿದ್ದ ಡೀಸೆಲ್ ಬೆಲೆ, ತೆರಿಗೆ ಮತ್ತು ವಿಮೆಯ ಹೊರೆ, ಕುಸಿಯುತ್ತಿದ್ದ ಪ್ರಯಾಣಿಕರ ಸಂಖ್ಯೆ ಇವೆಲ್ಲ ಸೇರಿ ಮೂರು ದಶಕಗಳ ದುಡಿಮೆಯನ್ನು ನಿಲ್ಲಿಸಿದವು. ಅದರ ಬೆನ್ನಿಗೇ ಬಂದ ಕೊರೋನಾ ಲಾಕ್‌ಡೌನ್ ಉಳಿದ ಖಾಸಗಿ ಬಸ್ಸುಗಳನ್ನೂ ಕಂಗೆಡಿಸಿತು.

ಬಸ್ಸು ಸಾಯುವ ಬಗೆಯಲ್ಲಿ ಒಂದು ವಿಷವರ್ತುಲವಿದೆ. ಒಂದು ಟ್ರಿಪ್ ನಿಲ್ಲುತ್ತದೆ. ಕಾಲೇಜಿಗೆ ಹೋಗುವ ಹುಡುಗನಿಗೆ ಮನೆಯವರು ಸಾಲ ಮಾಡಿ ಬೈಕು ಕೊಡಿಸುತ್ತಾರೆ. ಉಳಿದ ಟ್ರಿಪ್ಪಿನಲ್ಲಿ ಒಂದು ಪಾಸು ಕಡಿಮೆಯಾಗುತ್ತದೆ. ಇನ್ನೊಂದು ಮನೆಗೆ ಹಳೆಯ ಕಾರು ಬರುತ್ತದೆ. ಕಲೆಕ್ಷನ್ ಇಳಿದು ಇನ್ನೊಂದು ಟ್ರಿಪ್ ನಿಲ್ಲುತ್ತದೆ. ಕೊನೆಗೆ ಬಸ್ಸಿಗೆ ಕಾಯುವವರು ಬೇರೆ ದಾರಿಯಿಲ್ಲದವರು ಮಾತ್ರ: ಮುದುಕರು, ಕೂಲಿಗೆ ಹೋಗುವ ಹೆಂಗಸರು, ಶಾಲೆಯ ಮಕ್ಕಳು. ಅವರ ಧ್ವನಿ ತಾಲ್ಲೂಕು ಕಚೇರಿಯವರೆಗೆ ಕೇಳಿಸುವುದಿಲ್ಲ. ಕೇಳಿಸುವುದು ರಸ್ತೆ ಅಗಲಿಸಬೇಕೆನ್ನುವ ಕಾರಿನವರ ಧ್ವನಿ.

2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯು ರಾಜ್ಯದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ ನೀಡಿ ಬಯಲುಸೀಮೆಯಲ್ಲಿ ಬಸ್ಸುಗಳನ್ನು ತುಂಬಿಸಿತು. ಪರಿಸರದ ದೃಷ್ಟಿಯಿಂದಲೂ ಅದೊಂದು ಪ್ರಮುಖ ಹೆಜ್ಜೆ; ತುಂಬಿದ ಬಸ್ಸೇ ಪರಿಸರಸ್ನೇಹಿ ಎಂಬ ಲೆಕ್ಕವನ್ನು ಮೇಲೆಯೇ ನೋಡಿಯಾಗಿದೆ. ಆದರೆ ಖಾಸಗಿ ಬಸ್ಸುಗಳನ್ನೇ ನಂಬಿದ ಮಲೆನಾಡು ಮತ್ತು ಕರಾವಳಿಯ ತಾಲ್ಲೂಕುಗಳಲ್ಲಿ ಆ ಫಲ ದೊರೆತುದು ಕಡಿಮೆ. ಸರ್ಕಾರಿ ಬಸ್ಸೇ ಬಾರದ ಊರಿನ ಹೆಣ್ಣುಮಗಳಿಗೆ ಉಚಿತ ಟಿಕೆಟ್ಟಿನಿಂದೇನು ಪ್ರಯೋಜನ? ಬಸ್ಸು ಅತ್ಯಂತ ಅಗತ್ಯವಾಗಿರುವ ಗುಡ್ಡಗಾಡಿನಲ್ಲೇ ಬಸ್ಸಿನ ನೀತಿ ಬಲಹೀನವಾಗಿರುವುದು ವಿಪರ್ಯಾಸ.

ಆಗಬೇಕಾದುದು

ಮೊದಲನೆಯದಾಗಿ, ಘಟ್ಟದ ಯಾವುದೇ ರಸ್ತೆಯನ್ನು ಅಗಲಿಸುವ ಪ್ರಸ್ತಾವನೆ ಬಂದಾಗ, ಆ ದಾರಿಯಲ್ಲಿ ದಿನಕ್ಕೆ ಎಷ್ಟು ವಾಹನ ಓಡುತ್ತದೆ ಎಂಬುದರ ಜೊತೆಗೆ ಎಷ್ಟು ಜನ ಓಡಾಡುತ್ತಾರೆ ಎಂಬ ಎಣಿಕೆಯೂ ಆಗಬೇಕು. ಅಷ್ಟು ಜನರನ್ನು ಇರುವ ಅಗಲದಲ್ಲೇ ಎಷ್ಟು ಬಸ್ಸುಗಳಿಂದ ಸಾಗಿಸಬಹುದು ಎಂಬ ಲೆಕ್ಕ ಯೋಜನಾ ವರದಿಯ ಭಾಗವಾಗಬೇಕು. ಒಂದು ಕಿಲೋಮೀಟರ್ ಅಗಲೀಕರಣದ ಹಣದಲ್ಲಿ ಎಷ್ಟು ವರ್ಷ ಎಷ್ಟು ಟ್ರಿಪ್ ಓಡಿಸಬಹುದೆಂಬುದನ್ನು ಸಾರ್ವಜನಿಕರ ಮುಂದಿಡಬೇಕು.

ಎರಡನೆಯದಾಗಿ, ಬಸ್ಸಿನ ಗಾತ್ರ ಊರಿಗೆ ತಕ್ಕಂತಿರಬೇಕು. ಹನ್ನೆರಡು ಜನ ಹತ್ತುವ ಊರಿಗೆ ಐವತ್ತು ಸೀಟಿನ ಬಸ್ಸು ಕಳುಹಿಸಿ ‘ನಷ್ಟ’ ಎನ್ನುವುದು ತರವಲ್ಲ. ಇಪ್ಪತ್ತೈದು ಸೀಟಿನ ಚಿಕ್ಕ ಬಸ್ಸು ಕಿರಿದಾದ ದಾರಿಯಲ್ಲಿ ಸಲೀಸಾಗಿ ತಿರುಗುತ್ತದೆ, ಅರ್ಧದಷ್ಟು ಇಂಧನದಲ್ಲಿ ಓಡುತ್ತದೆ. ವಿದ್ಯುತ್ ಬಸ್ಸುಗಳ ಸಾಧ್ಯತೆಯನ್ನೂ ಪರೀಕ್ಷಿಸಬೇಕು. ಹಿಮಾಚಲ ಪ್ರದೇಶವು 2017ರಲ್ಲೇ ಮನಾಲಿ–ರೋಹ್ತಾಂಗ್ ದಾರಿಯಲ್ಲಿ ಅವನ್ನು ಓಡಿಸಿತು. ಇಳಿಜಾರಿನಲ್ಲಿ ಬ್ರೇಕು ಹಾಕುವಾಗ ವ್ಯರ್ಥವಾಗುವ ಶಕ್ತಿಯ ಒಂದು ಪಾಲು ಅಂತಹ ಬಸ್ಸಿನ ಬ್ಯಾಟರಿಗೆ ಮರಳುತ್ತದೆ. ಡೀಸೆಲ್ ಬಸ್ಸಿನಲ್ಲಿ ಅದು ಬರೀ ಬಿಸಿಯಾಗಿ ಹೋಗುತ್ತದೆ.

ಮೂರನೆಯದಾಗಿ, ಖಾಸಗಿ ಮತ್ತು ಸಹಕಾರಿ ಬಸ್ಸುಗಳನ್ನು ಲಾಭದ ವ್ಯಾಪಾರವೆಂದು ಮಾತ್ರ ನೋಡುವ ತೆರಿಗೆ ನೀತಿ ಬದಲಾಗಬೇಕು. ಕಾಡಂಚಿನ ಊರಿಗೆ ನಿಗದಿತ ವೇಳೆಗೆ ತಪ್ಪದೆ ಹೋಗಿಬರುವ ಬಸ್ಸಿಗೆ ತೆರಿಗೆಯಲ್ಲಿ ರಿಯಾಯಿತಿ ಕೊಡುವುದು ದಾನವಲ್ಲ; ಅದು ಗುಡ್ಡ ಕಡಿಯದೆ ಉಳಿಸಿದ್ದಕ್ಕೆ ಸಲ್ಲುವ ಕೂಲಿ. ಶಕ್ತಿ ಯೋಜನೆಯ ಪ್ರಯೋಜನವನ್ನು ಸರ್ಕಾರಿ ಬಸ್ಸಿಲ್ಲದ ತಾಲ್ಲೂಕುಗಳಿಗೂ ಮುಟ್ಟಿಸುವ ದಾರಿಯನ್ನು ಸರ್ಕಾರ ಹುಡುಕಬೇಕು.

ನಾಲ್ಕನೆಯದು ಊರಿನವರ ಕೈಯಲ್ಲೇ ಇರುವ ಕೆಲಸ. ಬಸ್ಸಿನ ಪರವಾನಗಿ ಮತ್ತು ವೇಳಾಪಟ್ಟಿಯನ್ನು ನಿರ್ಧರಿಸುವುದು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಅದರ ಸಭೆಗಳಲ್ಲಿ ಬಸ್ ಮಾಲೀಕರ ಅಹವಾಲು ಕೇಳಿಬರುತ್ತದೆ; ಪ್ರಯಾಣಿಕರದು ಅಪರೂಪ. ಗ್ರಾಮಸಭೆಯಲ್ಲಿ ಚರ್ಚಿಸಿ, ಶಾಲೆ ಬಿಡುವ ಹೊತ್ತು, ಆಸ್ಪತ್ರೆಯ ಹೊತ್ತು, ಸಂತೆಯ ದಿನ ಇವುಗಳಿಗೆ ಹೊಂದುವ ವೇಳೆಯನ್ನು ಬರೆದು, ಎಷ್ಟು ಜನ ದಿನವೂ ಹತ್ತುವರೆಂಬ ಪಟ್ಟಿಯೊಂದಿಗೆ ಪ್ರಾಧಿಕಾರಕ್ಕೆ ಮನವಿ ಸಲ್ಲಿಸಿದರೆ ಅದಕ್ಕೆ ತೂಕವಿರುತ್ತದೆ. ‘ಬಸ್ಸು ಬೇಕು’ ಎಂಬ ಬರಿಯ ಕೂಗಿಗಿಂತ ‘ಬೆಳಿಗ್ಗೆ ಎಂಟೂಕಾಲಕ್ಕೆ ಮೂವತ್ತೆರಡು ಜನ ಕಾಯುತ್ತೇವೆ’ ಎಂಬ ಒಂದು ಸಾಲು ಹೆಚ್ಚು ಕೆಲಸ ಮಾಡುತ್ತದೆ.

ಕೊನೆಯ ಮಾತು ಪರಿಸರ ಚಳವಳಿಗೇ ಸಂಬಂಧಿಸಿದ್ದು. ಪಶ್ಚಿಮ ಘಟ್ಟ ಉಳಿಸುವ ಸಭೆಗಳು ನಡೆಯುವ ಕಲ್ಯಾಣ ಮಂಟಪಗಳ ಅಂಗಳದಲ್ಲಿ ನಿಲ್ಲುವ ಕಾರುಗಳ ಸಾಲೂ ಪ್ರತಿ ವರ್ಷ ಉದ್ದವಾಗುತ್ತಿದೆ. ಬಸ್ಸಿಲ್ಲದ ಊರಿನಿಂದ ಬರುವವರಿಗೆ ಅದು ಅನಿವಾರ್ಯವಿರಬಹುದು. ಆದರೆ ಸಭೆಯ ಸ್ಥಳವನ್ನು ಬಸ್ ನಿಲ್ದಾಣಕ್ಕೆ ನಡೆದುಹೋಗುವಷ್ಟು ಹತ್ತಿರದಲ್ಲಿ ಆರಿಸುವುದು, ಆಮಂತ್ರಣ ಪತ್ರಿಕೆಯಲ್ಲಿ ಬಸ್ಸಿನ ವೇಳೆಯನ್ನು ಅಚ್ಚು ಹಾಕಿಸುವುದು, ಕೊನೆಯ ಬಸ್ಸು ಹೊರಡುವ ಮುನ್ನ ವಂದನಾರ್ಪಣೆ ಮುಗಿಸುವುದು ಇವು ಯಾವ ಸರ್ಕಾರದ ಅಪ್ಪಣೆಗೂ ಕಾಯಬೇಕಾದ ಕೆಲಸಗಳಲ್ಲ. ಪ್ರತಿ ಮನೆಯವರೂ ವಾರದಲ್ಲಿ ಎರಡು ದಿನ ಪೇಟೆಯ ಓಡಾಟವನ್ನು ಬಸ್ಸಿಗೆ ಒಪ್ಪಿಸಿದರೆ, ನಿಲ್ಲುವ ಅಂಚಿಗೆ ಬಂದಿರುವ ಎಷ್ಟೋ ಟ್ರಿಪ್ಪುಗಳಿಗೆ ಬೇಕಾದ ಆ ಹನ್ನೆರಡು ಜನ ಸಿಕ್ಕಿಬಿಡುತ್ತಾರೆ.

ಒಮ್ಮೆ ಜರಿದ ಗುಡ್ಡವನ್ನು ಮರಳಿ ಕಟ್ಟುವ ವಿದ್ಯೆ ಯಾರ ಬಳಿಯೂ ಇಲ್ಲ. ನಿಂತ ಬಸ್ಸನ್ನು ಮತ್ತೆ ಓಡಿಸುವ ವಿದ್ಯೆ ಎಲ್ಲರಿಗೂ ಗೊತ್ತಿದೆ. ಗೊತ್ತಿರುವ ಕೆಲಸದಿಂದಲೇ ಆರಂಭಿಸುವುದು ವಿವೇಕ.